ಕ್ಲ್ಯಾಶ್ ಪಟ್ಟಿಗೆ ಎಕ್ಸೆಲ್ ಬಿಡಿ, ಬಿಸಿಎಫ್ ಹಿಡಿಯಿರಿ

ಆರ್ಕಿಟೆಕ್ಟ್ ರೆವಿಟ್‌ನಲ್ಲಿ, ಸ್ಟ್ರಕ್ಚರಲ್‌ನವರು ಟೆಕ್ಲಾದಲ್ಲಿ ಕಟ್ಟಡದ 3ಡಿ ಮಾಡೆಲ್ ಮಾಡುತ್ತಾರೆ, ಕ್ಲ್ಯಾಶ್‌ಗಳು (ಒಬ್ಬರ ಭಾಗ ಇನ್ನೊಬ್ಬರದಕ್ಕೆ ತಾಗುವ ಜಾಗಗಳು) ಮಾತ್ರ ಎಕ್ಸೆಲ್ ಮತ್ತು ಸ್ಕ್ರೀನ್‌ಶಾಟ್‌ನಲ್ಲಿ ಓಡಾಡುತ್ತಿವೆ, ಎಲ್ಲರ ಸಾಫ್ಟ್‌ವೇರ್‌ಗೂ ಹೊಂದುವ ಫೈಲ್ ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಬಿಸಿಎಫ್, ಅಂದರೆ ಬಿಮ್ ಕೊಲಾಬರೇಷನ್ ಫಾರ್ಮ್ಯಾಟ್. ಬಿಮ್ ಅಂದರೆ ಕಟ್ಟಡವನ್ನು ಮಾಹಿತಿ ಸಮೇತ 3ಡಿ ಮಾಡೆಲ್ ಮಾಡುವ ವಿಧಾನ. ಟೆಕ್ಲಾ ಮತ್ತು ಸೊಲಿಬ್ರಿ ಕಂಪನಿಯವರು ಶುರು ಮಾಡಿದ್ದು. ಈಗ ಐಎಫ್‌ಸಿಯನ್ನು (ಬೇರೆಬೇರೆ ಬಿಮ್ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಸಾಗಿಸುವ ಮುಕ್ತ ಫಾರ್ಮ್ಯಾಟ್) ನೋಡಿಕೊಳ್ಳುವ ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆಯೇ ಇದನ್ನೂ ನೋಡಿಕೊಳ್ಳುತ್ತದೆ.

ನಾನು ಬೆಂಗಳೂರಿನಲ್ಲಿ ಬಿಮ್ ಕೋಆರ್ಡಿನೇಟರ್. ಮೊದಲು ನಾವೂ ಎಕ್ಸೆಲ್‌ನಲ್ಲೇ ಇದ್ದೆವು. ಒಮ್ಮೆ ‘ಮೂರನೇ ಮಹಡಿ, ಗ್ರಿಡ್ ಸಿ-5, ಡಕ್ಟ್ ಬೀಮ್‌ಗೆ ತಾಗುತ್ತಿದೆ’ ಅಂತ ಬರೆದು ಕಳಿಸಿದೆ. ಅಲ್ಲಿ ಇದ್ದಿದ್ದು ನಾಲ್ಕು ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆ. ಎಂಇಪಿ (ಎಸಿ, ವಿದ್ಯುತ್, ಕೊಳಾಯಿ) ಹುಡುಗ ಪಕ್ಕದ ಡಕ್ಟ್ ಇಳಿಸಿದ. ಮುಂದಿನ ವಾರ ಹಳೆ ಕ್ಲ್ಯಾಶ್ ಹಾಗೇ ಇತ್ತು, ಜೊತೆಗೆ ಹೊಸದೊಂದು ಬಂದಿತ್ತು. ತಪ್ಪು ಅವನದಲ್ಲ, ಯಾವ ಡಕ್ಟ್ ಅಂತ ನಾನು ಹೇಳಿರಲೇ ಇಲ್ಲ.

ಬಿಸಿಎಫ್ ಸರಿ ಮಾಡುವುದು ಇದನ್ನೇ. ಒಂದು ಬಿಸಿಎಫ್ ಫೈಲ್ ತಗೊಂಡು, ಎಕ್ಸ್‌ಟೆನ್ಷನ್ ಅನ್ನು ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಿ. ಒಂದೊಂದು ಸಮಸ್ಯೆಗೂ ಒಂದೊಂದು ಫೋಲ್ಡರ್. ಒಳಗೆ ಮಾರ್ಕಪ್ ಅನ್ನೋ ಎಕ್ಸ್‌ಎಂಎಲ್‌ನಲ್ಲಿ ಶೀರ್ಷಿಕೆ, ಸ್ಟೇಟಸ್, ಯಾರಿಗೆ ಒಪ್ಪಿಸಿದ್ದು, ಕಾಮೆಂಟ್‌ಗಳು. ವ್ಯೂಪಾಯಿಂಟ್ ಫೈಲ್‌ನಲ್ಲಿ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ನೋಡುತ್ತಿತ್ತು, ಸೆಕ್ಷನ್ ಎಲ್ಲಿ ಕತ್ತರಿಸಿತ್ತು, ಯಾವ ಎಲಿಮೆಂಟ್ (ಡಕ್ಟ್, ಬೀಮ್‌ನಂಥ ಭಾಗ) ಸೆಲೆಕ್ಟ್ ಆಗಿತ್ತು ಅನ್ನೋದು. ಜೊತೆಗೊಂದು ಚಿತ್ರ. ಮಾಡೆಲ್ ಮಾತ್ರ ಇರುವುದಿಲ್ಲ, ಅದಕ್ಕೇ ಫೈಲ್ ಅಷ್ಟು ಹಗುರ. ಎದುರಿನವರ ಹತ್ತಿರ ಅದೇ ಮಾಡೆಲ್ ಇದ್ದರೆ, ಒಂದು ಕ್ಲಿಕ್‌ಗೆ ನೀವು ನಿಂತಿದ್ದ ಜಾಗಕ್ಕೇ ಬಂದು ನಿಲ್ಲುತ್ತಾರೆ.

ಎಲಿಮೆಂಟ್ ಗುರುತಿಸುವುದು ಅದರ ಐಎಫ್‌ಸಿ ಜಿಯುಐಡಿಯಿಂದ, 22 ಅಕ್ಷರದ ಗುರುತು. ಜಾಸ್ತಿ ಜನ ಎಡವುವುದು ಇಲ್ಲೇ. ಡಕ್ಟ್ ಅನ್ನು ಜರುಗಿಸುವ ಬದಲು ಅಳಿಸಿ ಹೊಸದಾಗಿ ಎಳೆದರೆ ಜಿಯುಐಡಿಯೂ ಹೊಸದು, ಹಳೆ ಸಮಸ್ಯೆ ಅನಾಥ. ‘ಆದಷ್ಟು ಎಡಿಟ್ ಮಾಡಿ, ಡಿಲೀಟ್ ಮಾಡಬೇಡಿ’ ಅಂತ ತಂಡಕ್ಕೆ ಮೊದಲ ದಿನವೇ ಹೇಳಿಬಿಡಿ. ರೆವಿಟ್‌ನಿಂದ ಐಎಫ್‌ಸಿ ತೆಗೆಯುವಾಗ ಜಿಯುಐಡಿಯನ್ನು ಎಲಿಮೆಂಟ್‌ನಲ್ಲೇ ಉಳಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ.

ಎಡವುವ ಇನ್ನೊಂದು ಜಾಗ ಒರಿಜಿನ್, ಅಂದರೆ ಮಾಡೆಲ್‌ನ ಅಳತೆ ಶುರುವಾಗುವ ಸೊನ್ನೆ ಬಿಂದು. ಕ್ಯಾಮೆರಾದ ಸ್ಥಾನ ಮೀಟರ್ ಲೆಕ್ಕದ ಎಕ್ಸ್, ವೈ, ಝೆಡ್ ಅಷ್ಟೇ. ಇಬ್ಬರ ಮಾಡೆಲ್‌ಗೂ ಒಂದೇ ಒರಿಜಿನ್ ಇಲ್ಲದಿದ್ದರೆ ವ್ಯೂಪಾಯಿಂಟ್ ತೆರೆದಾಗ ಬರೀ ಖಾಲಿ ಆಕಾಶ ಕಾಣುತ್ತದೆ. ಬಿಸಿಎಫ್ ಕೆಲಸ ಮಾಡ್ತಿಲ್ಲ ಅಂತ ಸುಮ್ನೆ ಕೈಬಿಡಬೇಡಿ, ಮೊದಲು ಒರಿಜಿನ್ ಹೊಂದಿಸುವ ಬೇಸ್ ಪಾಯಿಂಟ್ ನೋಡಿ.

ವರ್ಷನ್ ವಿಷಯಕ್ಕೆ ಬಂದರೆ, 3.0 ಬಂದಿದ್ದು 2021ರಲ್ಲಿ. ಆದರೂ ನಾನು 2.1ರಿಂದಲೇ ಶುರು ಮಾಡಿ ಅಂತೀನಿ, ಅದನ್ನು ಓದುವ ಸಾಫ್ಟ್‌ವೇರ್ ಜಾಸ್ತಿ. ರೆವಿಟ್‌ಗೆ ಪ್ಲಗಿನ್ ಹಾಕಿಕೊಳ್ಳಬೇಕು. ದುಡ್ಡು ಹಾಕದೆ ಪ್ರಯತ್ನಿಸಬೇಕಾ, ಉಚಿತ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಬೊನ್ಸಾಯ್ ಆಡ್ಆನ್ ಬಿಸಿಎಫ್ ತೆರೆಯುತ್ತದೆ. ಪೈಥಾನ್ ಬರುತ್ತಿದ್ದರೆ ಐಎಫ್‌ಸಿಓಪನ್‌ಶೆಲ್ ಅನ್ನೋ ಉಚಿತ ಐಎಫ್‌ಸಿ ಟೂಲ್‌ಕಿಟ್‌ನಲ್ಲಿ ಬಿಸಿಎಫ್‌ಗೆ ಲೈಬ್ರರಿಯೇ ಇದೆ.

ಫೈಲ್ ಅನ್ನು ಮೇಲ್‌ನಲ್ಲಿ ಕಳಿಸುವುದು ಮೂರ್ನಾಲ್ಕು ಜನರ ತಂಡಕ್ಕೆ ಸಾಕು. ಅದಕ್ಕಿಂತ ದೊಡ್ಡದಾದರೆ ಇಬ್ಬರು ಬೇರೆಬೇರೆ ಪ್ರತಿಯಲ್ಲಿ ಕಾಮೆಂಟ್ ಬರೆದು ಗೊಂದಲ ಆಗುತ್ತದೆ. ಆಗ ಬಿಸಿಎಫ್ ಎಪಿಐ (ಫೈಲ್ ಕಳಿಸದೆ ಸಾಫ್ಟ್‌ವೇರ್‌ಗಳೇ ನೇರವಾಗಿ ಸಮಸ್ಯೆ ಹಂಚಿಕೊಳ್ಳುವ ದಾರಿ) ಇರುವ ಸರ್ವರ್ ನೋಡಿ, ಎಲ್ಲರೂ ಒಂದೇ ಪಟ್ಟಿಯ ಮೇಲೆ ಕೆಲಸ ಮಾಡಬಹುದು. ಅಲ್ಲಿಯವರೆಗೆ ಒಬ್ಬರ ಹತ್ತಿರ ಮಾತ್ರ ಮೂಲ ಪ್ರತಿ ಇರಲಿ, ಉಳಿದವರ ಉತ್ತರಗಳನ್ನು ವಾರಕ್ಕೊಮ್ಮೆ ಅವರೇ ಅದಕ್ಕೆ ಸೇರಿಸಲಿ.