ಕಾನೂನು ಪ್ರಶ್ನೋತ್ತರ: ಪೀಠದಿಂದಿಳಿದವರು ವಕಾಲತ್ತು ವಹಿಸಿದಾಗ

ಪ್ರಶ್ನೆ: ನಮ್ಮ ಕುಟುಂಬದ ಪಾಲಿನ ದಾವೆ ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲಿ ಸಾಕ್ಷಿ ವಿಚಾರಣೆಯ ಹಂತಕ್ಕೆ ಬಂದಿದೆ. ಇದೇ ಜಿಲ್ಲೆಯಲ್ಲಿ ನ್ಯಾಯಾಧೀಶರಾಗಿ ಇತ್ತೀಚೆಗೆ ನಿವೃತ್ತರಾದವರೊಬ್ಬರು ವಕೀಲಿ ಆರಂಭಿಸಿದ್ದು, ಅವರಿಗೆ ವಕಾಲತ್ತು ಕೊಟ್ಟರೆ ಗೆದ್ದಂತೆಯೇ ಎಂದು ಬಂಧುಗಳು ಹೇಳುತ್ತಿದ್ದಾರೆ. ನ್ಯಾಯಾಧೀಶರಾಗಿದ್ದವರು ಹೀಗೆ ವಕೀಲಿ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಎಲ್ಲಿ, ಯಾವಾಗ ಎಂಬುದಕ್ಕೆ ಮಿತಿಗಳಿವೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ಭಾರತದ ಯಾವ ನ್ಯಾಯಾಲಯದಲ್ಲೂ ವಾದಿಸುವಂತಿಲ್ಲ ಎಂದು ಸಂವಿಧಾನದ 124ನೇ ವಿಧಿಯ 7ನೇ ಖಂಡ ಹೇಳುತ್ತದೆ. ಹೈಕೋರ್ಟಿನ ಕಾಯಂ ನ್ಯಾಯಮೂರ್ತಿಯಾಗಿದ್ದವರು 220ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನಲ್ಲಿ ಮತ್ತು ಬೇರೆ ಹೈಕೋರ್ಟುಗಳಲ್ಲಿ ಮಾತ್ರ ವಾದಿಸಬಹುದು. ಹಾಗಾಗಿ ತಾಲ್ಲೂಕು ನ್ಯಾಯಾಲಯದಲ್ಲಿ ನಿಮಗೆ ಸಿಗುವವರು ಜಿಲ್ಲಾ ನ್ಯಾಯಾಂಗದಲ್ಲಿ ಸೇವೆ ಸಲ್ಲಿಸಿದವರೇ. ಅವರಿಗೆ ಅನ್ವಯಿಸುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮ: ನಿವೃತ್ತಿಗೆ ಮುಂಚಿನ ಮೂರು ವರ್ಷ ತಾವು ಅಧಿಕಾರ ಚಲಾಯಿಸಿದ ಪ್ರದೇಶದಲ್ಲಿ, ಸೇವೆಯಿಂದ ಹೊರಬಂದ ಮೇಲೆ ಎರಡು ವರ್ಷ ಅವರು ವಕೀಲಿ ಮಾಡುವಂತಿಲ್ಲ. ತಾವಿದ್ದ ನ್ಯಾಯಾಲಯಕ್ಕಿಂತ ಮೇಲಿನ ನ್ಯಾಯಾಲಯದಲ್ಲಿ ವಾದಿಸುವುದಕ್ಕೆ ಈ ತಡೆಯಿಲ್ಲ. ಆದ್ದರಿಂದ ಮೊದಲು ಅವರು ಕೊನೆಯ ಮೂರು ವರ್ಷ ಎಲ್ಲಿದ್ದರು, ಯಾವಾಗ ನಿವೃತ್ತರಾದರು, ಸೇವೆಗೆ ಸೇರುವಾಗ ಅಮಾನತಿನಲ್ಲಿಟ್ಟಿದ್ದ ಸನ್ನದನ್ನು (ವಕೀಲಿಯ ಪರವಾನಗಿಯನ್ನು) ರಾಜ್ಯ ವಕೀಲರ ಪರಿಷತ್ತಿನಿಂದ ಮತ್ತೆ ಚಾಲನೆಗೆ ತಂದುಕೊಂಡಿದ್ದಾರೆಯೇ ಎಂಬುದನ್ನು ಸಂಕೋಚವಿಲ್ಲದೆ ಅವರನ್ನೇ ಕೇಳಿ. ನಿಮ್ಮ ದಾವೆಯಲ್ಲಿ ಅವರು ಪೀಠದಲ್ಲಿದ್ದಾಗ ಯಾವುದಾದರೂ ಆದೇಶ ಮಾಡಿದ್ದರೆ, ಆ ಕಡತವನ್ನು ಅವರು ಮುಟ್ಟಲೇಬಾರದು.

ಇನ್ನು ‘ಗೆದ್ದಂತೆಯೇ’ ಎಂಬ ಮಾತು. ಪೀಠದಲ್ಲಿರುವವರಿಗೆ ಇವರ ಪರಿಚಯವಿದೆ, ಆದ್ದರಿಂದ ಕೆಲಸವಾಗುತ್ತದೆ ಎಂದು ಯಾರಾದರೂ ಸೂಚಿಸಿದರೆ ಅಂಥವರಿಂದ ದೂರವಿರಿ. ನಾನೂ ಕೆಲವು ವರ್ಷ ಪೀಠದಲ್ಲಿ ಕುಳಿತು ಮತ್ತೆ ವಕೀಲರ ಸಾಲಿಗೆ ಬಂದವನು. ಹಳೆಯ ಹುದ್ದೆಯಿಂದ ಕಕ್ಷಿದಾರರಿಗೆ ಏನಾದರೂ ಪ್ರಯೋಜನವಿದ್ದರೆ ಅದು ಬೇರೆಯೇ ಬಗೆಯದು. ಅದನ್ನು ಮುಂದಿನ ಪ್ರಶ್ನೆಗೆ ಉತ್ತರಿಸುತ್ತಾ ವಿವರಿಸುತ್ತೇನೆ.

ಪ್ರಶ್ನೆ: ನಾನು ಕಿರಿಯ ವಕೀಲೆ. ನಮ್ಮ ವಕೀಲರ ಸಂಘದಲ್ಲಿ ಮಾಜಿ ನ್ಯಾಯಾಧೀಶರೊಬ್ಬರಿದ್ದಾರೆ. ಅವರು ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಕೆಲವೇ ಪ್ರಶ್ನೆ ಕೇಳಿ ಕುಳಿತುಬಿಡುತ್ತಾರೆ, ದನಿಯನ್ನೂ ಏರಿಸುವುದಿಲ್ಲ. ಆದರೂ ತೀರ್ಪಿನಲ್ಲಿ ಅವರು ಪಡೆದ ಉತ್ತರಗಳೇ ಉಲ್ಲೇಖವಾಗುತ್ತವೆ. ಇದು ಹೇಗೆ?

ಉತ್ತರ: ತೀರ್ಪು ಬರೆಯುವವರ ಮೇಜಿನ ಮೇಲೆ ಏನಿರುತ್ತದೆ ಎಂಬುದು ಅವರಿಗೆ ಗೊತ್ತಿದೆ, ಅಷ್ಟೇ. ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಯ ಉತ್ತರವನ್ನು ಸಾಮಾನ್ಯವಾಗಿ ನ್ಯಾಯಾಧೀಶರೇ ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ. ಪ್ರಶ್ನೆ ಉತ್ತರದೊಳಗೆ ಕರಗಿ ‘ನಾವು ಒಟ್ಟಿಗೆ ಸಾಲ ಪಡೆದಿದ್ದೇವೆ ಎಂದರೆ ಸರಿ’ ಅಥವಾ ‘ಎಂದರೆ ಸರಿಯಲ್ಲ’ ಎಂದಾಗುತ್ತದೆ. ನೀವು ಏರಿಸಿದ ದನಿ, ಸಾಕ್ಷಿ ತಡವರಿಸಿದ್ದು, ಸಭಾಂಗಣದಲ್ಲಿ ಎದ್ದ ನಗು, ಇದಾವುದೂ ಆ ಹಾಳೆಗೆ ಇಳಿಯುವುದಿಲ್ಲ. ಸಾಕ್ಷಿಯ ವರ್ತನೆಯ ಬಗ್ಗೆ ಟಿಪ್ಪಣಿ ಬರೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಅವಕಾಶ ಕೊಟ್ಟಿದೆಯಾದರೂ ಅದನ್ನು ಬಳಸುವವರು ಅಪರೂಪ. ಅದೇ ಆದೇಶದ 15ನೇ ನಿಯಮದಂತೆ, ಒಬ್ಬ ನ್ಯಾಯಾಧೀಶರು ವರ್ಗಾವಣೆಯಾದರೆ ಅವರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ನಂತರ ಬಂದವರು ಮುಂದುವರಿಯಬಹುದು. ಅಂದರೆ ನಿಮ್ಮ ಪಾಟೀ ಸವಾಲನ್ನು ತೂಗಿ ನೋಡುವವರು ಆ ಸಾಕ್ಷಿಯ ಮುಖವನ್ನೇ ಕಂಡಿರದ ವ್ಯಕ್ತಿಯಾಗಿರಬಹುದು. ಮಾಜಿ ನ್ಯಾಯಾಧೀಶರು ಪ್ರಶ್ನೆ ಕೇಳುವುದು ಆ ಓದುಗನಿಗಾಗಿ.

ಒಂದು ಉದಾಹರಣೆ ಕೊಡುತ್ತೇನೆ. ಪಾಲಿನ ದಾವೆಯಲ್ಲಿ ಪ್ರತಿವಾದಿಯಾದ ಅಣ್ಣ, ಬಹಳ ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿದೆ ಎಂದು ಹೇಳುತ್ತಾನೆ. ಅನನುಭವಿ ವಕೀಲರು ‘ಪಾಲೇ ಆಗಿಲ್ಲ, ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಹತ್ತು ಬಗೆಯಲ್ಲಿ ಸೂಚಿಸುತ್ತಾರೆ. ಹತ್ತು ಬಾರಿಯೂ ‘ಎಂದರೆ ಸರಿಯಲ್ಲ’ ಎಂದು ದಾಖಲಾಗುತ್ತದೆ. ವಕೀಲರು ಹೀಗೆ ಮುಂದಿಟ್ಟು ಸಾಕ್ಷಿ ನಿರಾಕರಿಸಿದ ಸೂಚನೆ ಸಾಕ್ಷ್ಯವಲ್ಲ, ಆದ್ದರಿಂದ ತೀರ್ಪು ಬರೆಯುವವರಿಗೆ ಅದರಿಂದ ಒಂದು ಸಾಲೂ ಸಿಗುವುದಿಲ್ಲ. ಪೀಠದಲ್ಲಿ ಕುಳಿತು ಬಂದವರು ಆ ‘ಪಾಲಿನ’ ನಂತರದ ವರ್ಷಗಳಲ್ಲಿ ಸಹಕಾರ ಸಂಘಕ್ಕೆ ಅಣ್ಣತಮ್ಮಂದಿರು ಒಟ್ಟಿಗೆ ಸಲ್ಲಿಸಿದ ಸಾಲದ ಅರ್ಜಿಯನ್ನು ಹುಡುಕಿ ತರುತ್ತಾರೆ. ಸಹಿ ತನ್ನದೇ ಎಂದು ಒಪ್ಪಿಸುತ್ತಾರೆ, ದಾಖಲೆಯನ್ನು ಆ ಸಾಕ್ಷಿಯ ಮೂಲಕವೇ ನಿಶಾನೆ ಮಾಡಿಸುತ್ತಾರೆ (ಅಂದರೆ ಗುರುತಿನ ಸಂಖ್ಯೆ ಹಾಕಿಸಿ ಸಾಕ್ಷ್ಯಕ್ಕೆ ಸೇರಿಸುತ್ತಾರೆ), ಅದರಲ್ಲಿ ಜಮೀನನ್ನು ‘ಜಂಟಿ ಕುಟುಂಬದ ಸ್ವತ್ತು’ ಎಂದು ಬರೆದಿರುವುದನ್ನು ಓದಿಸುತ್ತಾರೆ, ಕುಳಿತುಕೊಳ್ಳುತ್ತಾರೆ. ‘ಹಾಗಾದರೆ ಪಾಲಾಗಿದ್ದು ಹೇಗೆ?’ ಎಂಬ ಕೊನೆಯ ಪ್ರಶ್ನೆಯನ್ನು ಅವರು ಕೇಳುವುದಿಲ್ಲ. ಕೇಳಿದರೆ ವಿವರಣೆ ಕೊಡುವ ಅವಕಾಶವನ್ನು ಸಾಕ್ಷಿಗೆ ತಾವೇ ಒದಗಿಸಿದಂತಾಗುತ್ತದೆ. ಎದುರು ಪಕ್ಷದ ಸಾಕ್ಷಿಯ ಪಾಟೀ ಸವಾಲಿಗೆಂದು ತಂದ ದಾಖಲೆಯನ್ನು ಮುಂಚಿತವಾಗಿ ಹಾಜರುಪಡಿಸಬೇಕಿಲ್ಲ ಎಂಬ ವಿನಾಯಿತಿ ಅದೇ ಸಂಹಿತೆಯ 13ನೇ ಆದೇಶದ 1ನೇ ನಿಯಮದಲ್ಲೇ ಇದೆ. ಅದನ್ನು ಓದಿ ಇಟ್ಟುಕೊಳ್ಳಿ, ಆಕ್ಷೇಪಣೆ ಬರುವುದು ಖಚಿತ.

ಇನ್ನೊಂದು ಮಾತು. ಉತ್ತರವನ್ನು ಬರೆಸುವಾಗ ಅರ್ಥ ಸ್ವಲ್ಪ ವಾಲಿದರೂ ಆ ಕ್ಷಣದಲ್ಲೇ ವಿನಯದಿಂದ ಎದ್ದು ತಿದ್ದಿಸಿ. ಅಂತಿಮ ವಾದದ ದಿನ ‘ಸಾಕ್ಷಿ ಹೇಳಿದ್ದು ಹಾಗಲ್ಲ’ ಎಂದರೆ ಯಾರೂ ಕೇಳುವುದಿಲ್ಲ. ಪೀಠದಿಂದ ಬಂದವರಲ್ಲೂ ಒಂದು ದೋಷವಿರುತ್ತದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು: ಎರಡೂ ಕಡೆಯನ್ನು ತೂಗುವ ಅಭ್ಯಾಸ ಬಿಡದೆ, ಕಕ್ಷಿದಾರರ ಮುಂದೆಯೇ ಅರ್ಧ ತೀರ್ಪು ಕೊಟ್ಟುಬಿಡುತ್ತಾರೆ.

ಪ್ರಶ್ನೆ: ಮಗಳು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ನೇರವಾಗಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬೇಕೇ, ಮೊದಲು ವಕೀಲಿ ಮಾಡಬೇಕೇ?

ಉತ್ತರ: ಈ ಆಯ್ಕೆಯನ್ನು ಸುಪ್ರೀಂ ಕೋರ್ಟು 2025ರ ಮೇ 20ರ ತೀರ್ಪಿನಲ್ಲಿ ಬಹುಮಟ್ಟಿಗೆ ಮುಗಿಸಿದೆ. ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕು. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಅದನ್ನು ಎಣಿಸಬಹುದು, ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತೆಯಾಗಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಆ ಮೂರು ವರ್ಷವನ್ನು ತರಬೇತಿ ಕೇಂದ್ರಗಳಲ್ಲಿ ಕಳೆಯದೆ, ದಿನವೂ ಸಾಕ್ಷಿ ವಿಚಾರಣೆ ನಡೆಸುವ ವಕೀಲರ ಕಚೇರಿಯಲ್ಲಿ ಕಳೆಯಲಿ.

ಪ್ರಶ್ನೆ: ವಕೀಲರೊಬ್ಬರ ಫಲಕದಲ್ಲಿ ‘ನಿವೃತ್ತ ಜಿಲ್ಲಾ ನ್ಯಾಯಾಧೀಶರು’ ಎಂದು ದೊಡ್ಡದಾಗಿ ಬರೆದಿದೆ. ಇದು ಸರಿಯೇ?

ಉತ್ತರ: ಸರಿಯಲ್ಲ. ತಾವು ನ್ಯಾಯಾಧೀಶರಾಗಿದ್ದೆವೆಂದು ವಕೀಲರು ಹೆಸರಿನ ಫಲಕದಲ್ಲಾಗಲಿ, ಪತ್ರದ ಹಾಳೆಯಲ್ಲಾಗಲಿ ಸೂಚಿಸಬಾರದು ಎಂದು ವಕೀಲರ ಪರಿಷತ್ತಿನ 36ನೇ ನಿಯಮ ಸ್ಪಷ್ಟವಾಗಿ ಹೇಳಿದೆ. ಫಲಕದ ಗಾತ್ರವೂ ಮಿತವಾಗಿರಬೇಕು. ದೂರು ಕೊಡಬೇಕೆನಿಸಿದರೆ ರಾಜ್ಯ ವಕೀಲರ ಪರಿಷತ್ತಿಗೆ ಬರೆಯಿರಿ. ಅದಕ್ಕೂ ಮೊದಲು ಅವರಿಗೇ ಒಂದು ಮಾತು ತಿಳಿಸಿದರೆ, ಬಹುಶಃ ಫಲಕ ಬದಲಾದೀತು.