ಚಿಕಿತ್ಸೆ ಗೊತ್ತಿದ್ದರೂ ಸಂಶೋಧನೆ ಏಕೆ?

ಪ್ರಶ್ನೆ: ಬಡ ದೇಶಗಳಲ್ಲಿ ಮಕ್ಕಳ ಜೀವ ತೆಗೆಯುವ ಕಾಯಿಲೆಗಳಿಗೆ ಚಿಕಿತ್ಸೆ ಏನೆಂಬುದು ವೈದ್ಯರಿಗೆ ತಿಳಿದೇ ಇದೆ. ಹಾಗಿದ್ದೂ ಅಲ್ಲಿ ಸಂಶೋಧನೆಗೆ ಹಣ ವ್ಯಯಿಸುವ ಬದಲು ಅದೇ ಹಣದಲ್ಲಿ ಔಷಧಿ ಒದಗಿಸಬಾರದೇ?

ಉತ್ತರ: ಔಷಧಿ ಒದಗಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಕಿತ್ಸೆ ತಿಳಿದೇ ಇದೆ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ತೀವ್ರ ಜ್ವರದಿಂದ ಕೈಕಾಲು ತಣ್ಣಗಾಗಿ, ರಕ್ತಸಂಚಾರ ಕುಂದಿದ ಮಗುವಿಗೆ ರಕ್ತನಾಳದ ಮೂಲಕ ಬೇಗಬೇಗನೆ ದ್ರವ ಹರಿಸಬೇಕೆಂಬುದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಕ್ರಮ. ತೀವ್ರ ನಿಗಾ ಘಟಕವಿಲ್ಲದ ಕಡೆಯೂ ಇದು ಸರಿಯೇ ಎಂದು ಯಾರೂ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿರಲಿಲ್ಲ. ಕೀನ್ಯಾ, ಉಗಾಂಡ ಮತ್ತು ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ಇಂತಹ 3,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು ನಡೆದ, 2011ರಲ್ಲಿ ಪ್ರಕಟವಾದ ‘ಫೀಸ್ಟ್’ ಅಧ್ಯಯನದ ಫಲಿತಾಂಶ ವೈದ್ಯರನ್ನೇ ಬೆಚ್ಚಿಬೀಳಿಸಿತು: ವೇಗವಾಗಿ ದ್ರವ ಪಡೆದ ಮಕ್ಕಳಲ್ಲಿ 48 ಗಂಟೆಗಳೊಳಗೆ ಶೇ. 10ಕ್ಕಿಂತ ಹೆಚ್ಚು ಮಂದಿ ಅಸುನೀಗಿದ್ದರು. ಹಾಗೆ ಪಡೆಯದವರಲ್ಲಿ ಆ ಪ್ರಮಾಣ ಶೇ. 7.3 ಮಾತ್ರ. ಒಳ್ಳೆಯದೆಂದು ನಂಬಿ ಮಾಡುತ್ತಿದ್ದ ಉಪಚಾರವೇ ಆ ಮಕ್ಕಳಿಗೆ ಎರವಾಗುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಹೆಚ್ಚು ಔಷಧಿ ಕಳುಹಿಸಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ.

ಸಂಶೋಧನೆಯ ಫಲ ದುಬಾರಿ ಸಾಧನವೇ ಆಗಬೇಕೆಂದೂ ಇಲ್ಲ. ಕಡಿಮೆ ತೂಕದ ನವಜಾತ ಶಿಶುವನ್ನು ತಾಯಿಯ ಬರಿ ಎದೆಗೆ ಒತ್ತಿಟ್ಟು, ಬಟ್ಟೆಯಿಂದ ಬಿಗಿಯಾಗಿ ಸುತ್ತಿ ಬೆಚ್ಚಗಿಡುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರುಗಳ ಕೊರತೆಯ ನಡುವೆ ಹುಟ್ಟಿಕೊಂಡಿತು. ಮಗುವಿನ ಸ್ಥಿತಿ ಸ್ಥಿರವಾದ ಮೇಲಷ್ಟೇ ಇದನ್ನು ಆರಂಭಿಸಬೇಕೆಂಬ ನಿಯಮವಿತ್ತು. ಭಾರತ, ಘಾನಾ, ಮಲಾವಿ, ನೈಜೀರಿಯಾ ಮತ್ತು ಟಾಂಜಾನಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, ಹುಟ್ಟಿದ ಕೂಡಲೇ ಆರಂಭಿಸಿದರೆ ಮೊದಲ 28 ದಿನಗಳ ಸಾವು ಸುಮಾರು ಕಾಲುಭಾಗದಷ್ಟು ತಗ್ಗುತ್ತದೆ ಎಂದು ತೋರಿಸಿತು. ಇದಕ್ಕೆ ತಾಯಿಯೂ ಮಗುವಿನೊಂದಿಗೆ ವಿಶೇಷ ಆರೈಕೆ ಘಟಕದೊಳಗೇ ಇರಬೇಕಾಗುತ್ತದೆ. ಹೀಗಾಗಿ ಬದಲಾಗಬೇಕಾದದ್ದು ಔಷಧಿಯ ಪಟ್ಟಿಗಿಂತ ಮುಖ್ಯವಾಗಿ ವಾರ್ಡಿನ ಬಾಗಿಲಲ್ಲಿ ತಾಯಿಯನ್ನು ತಡೆಯುವ ಕಟ್ಟಳೆ.

ಪ್ರಶ್ನೆ: ಹಾಗಾದರೆ ಬಡವರ ಮಕ್ಕಳು ಪ್ರಯೋಗದ ವಸ್ತುಗಳಾಗುವುದಿಲ್ಲವೇ?

ಉತ್ತರ: ಆ ಅಪಾಯ ನಿಜವಾದದ್ದು, ಆದ್ದರಿಂದಲೇ ನೈತಿಕ ಸಮಿತಿಯ ಅನುಮತಿ ಮತ್ತು ಪೋಷಕರ ತಿಳಿದ ಒಪ್ಪಿಗೆ ಇಲ್ಲದೆ ಇಂತಹ ಅಧ್ಯಯನ ನಡೆಯಕೂಡದು. ಇಷ್ಟೇ ಮುಖ್ಯವಾದದ್ದು, ಸಂಶೋಧಕರಿಂದ ಸ್ವತಂತ್ರವಾಗಿದ್ದು, ನಡುನಡುವೆ ಅಂಕಿಅಂಶಗಳನ್ನು ಪರಿಶೀಲಿಸುವ ಸಮಿತಿ. ಮೇಲೆ ಹೇಳಿದ ಫೀಸ್ಟ್ ಅಧ್ಯಯನದಲ್ಲಿ ಉದ್ದೇಶಿಸಿದಷ್ಟು ಮಕ್ಕಳನ್ನು ಸೇರಿಸಿಕೊಳ್ಳುವ ಮೊದಲೇ ಅಂತಹ ಸಮಿತಿಯ ಸಲಹೆಯಂತೆ ನೋಂದಣಿಯನ್ನು ನಿಲ್ಲಿಸಲಾಯಿತು.