ಹಾವು ಹುಡುಕುವ ಮೊದಲು ಅದರ ಊಟ ಹುಡುಕಿ

ಪ್ರಶ್ನೆ: ಮೂರು ವರ್ಷದಿಂದ ಒಂದು ಕಾರ್ನ್ ಸ್ನೇಕ್ ಸಾಕಿದ್ದೇನೆ. ಚೆನ್ನಾಗಿದೆ. ಈಗ ಯಾರ ಹತ್ತಿರವೂ ಇಲ್ಲದಂಥ ಪುಟ್ಟ ಹಾವೊಂದನ್ನು ಸಾಕುವ ಆಸೆ. ಕುತ್ತಿಗೆಗೆ ಕಿತ್ತಳೆ ಬಣ್ಣದ ಉಂಗುರ ತೊಟ್ಟಂತಿರುವ ರಿಂಗ್‌ನೆಕ್ ಹಾವು ತುಂಬ ಇಷ್ಟವಾಗಿದೆ. ಎಲ್ಲಿ ಹುಡುಕಬೇಕು ಮೇಡಂ? ಒಂದಡಿ ಹಾವು, ಸಾಕುವುದೂ ಸುಲಭ ಅಲ್ವಾ?

ಉತ್ತರ: ಸುಲಭವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ಹಾವು ಸಾಕಲು ಶುರು ಮಾಡಿದ ಹೊಸತರಲ್ಲಿ ನಾನೂ ಒಂದು ರಿಂಗ್‌ನೆಕ್ ತಂದಿದ್ದೆ. ಬೆರಳಿಗೆ ಸುತ್ತಿಕೊಂಡರೆ ಎರಡು ಸುತ್ತು ಬರುತ್ತಿತ್ತು. ಹೆದರಿದಾಗ ಬಾಲವನ್ನು ಸುರುಳಿ ಮಾಡಿ, ಅಡಿಯ ಕೆಂಪು ಬಣ್ಣ ತೋರಿಸುತ್ತಿತ್ತು. ಮಾರಿದವರು ‘ಚೆನ್ನಾಗಿ ತಿನ್ನುತ್ತೆ’ ಅಂದಿದ್ದರು. ಏನನ್ನು ತಿನ್ನುತ್ತೆ ಎಂದು ನಾನು ಕೇಳಲಿಲ್ಲ. ಆಗಷ್ಟೇ ಹುಟ್ಟಿದ ಇಲಿಮರಿ ಇಟ್ಟೆ. ಮುಟ್ಟಲಿಲ್ಲ. ಇನ್ನೂ ಚಿಕ್ಕ ತುಂಡು ಮಾಡಿ ಇಟ್ಟೆ. ಅದನ್ನೂ ಮುಟ್ಟಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ‘ತಿನ್ನಲಿಲ್ಲ’ ಎಂಬ ಒಂದೇ ಮಾತು ಹದಿನಾಲ್ಕು ಸಾಲು ಇದೆ. ಹತ್ತನೇ ವಾರ ಅದು ಸತ್ತುಹೋಯಿತು. ಕಾಡಿನಲ್ಲಿ ಅದು ತಿನ್ನುವುದು ಸಾಲಮ್ಯಾಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಸಂಬಂಧಿ), ಎರೆಹುಳು, ಚಿಕ್ಕ ಹಲ್ಲಿ, ಬೇರೆ ಹಾವಿನ ಮರಿಗಳನ್ನು. ಇಲಿ ಅದರ ಪಾಲಿಗೆ ಊಟವೇ ಅಲ್ಲ. ಇದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ನೋಟ್‌ಬುಕ್ಕನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ನಿಮ್ಮ ಕಾರ್ನ್ ಸ್ನೇಕ್ ಇಲಿ ತಿನ್ನುತ್ತದೆ. ಅದಕ್ಕೇ ಅದು ಎಲ್ಲ ಕಡೆ ಸಿಗುತ್ತದೆ. ಕೊಲುಬ್ರಿಡ್, ಅಂದರೆ ಕೇರೆ ಹಾವಿನ ಕುಟುಂಬದ, ಪುಟ್ಟ ಹಾವುಗಳಲ್ಲಿ ಎಷ್ಟೋ ಅಪರೂಪವಾಗಿರುವುದು ಅವುಗಳ ಬಾಯಿಂದಾಗಿ. ಒಂದಕ್ಕೆ ಗೊಂಡೆಹುಳುವೇ (ಚಿಪ್ಪಿಲ್ಲದ ಬಸವನಹುಳು) ಬೇಕು, ಇನ್ನೊಂದಕ್ಕೆ ಹಲ್ಲಿಯೇ ಬೇಕು. ರಫ್ ಗ್ರೀನ್ ಎಂಬ ಹಸಿರು ಹಾವಿಗೆ ಕಂಬಳಿಹುಳು, ಜೇಡ, ಮಿಡತೆ ಬೇಕು. ಇಂಥ ಊಟ ವರ್ಷದ ಹನ್ನೆರಡು ತಿಂಗಳೂ ನಿಮಗೆ ಸಿಗುತ್ತಾ? ಮೊದಲು ಆರು ತಿಂಗಳು ಬರೀ ಆ ಊಟವನ್ನು ಹೊಂದಿಸಿ ನೋಡಿ. ಹಾವು ಆಮೇಲೆ ಬರಲಿ.

ಒಂದಡಿಯದೇ ಬೇಕು ಅನ್ನುವುದಾದರೆ ಡಿಕೇ ಬ್ರೌನ್ ಸ್ನೇಕ್ ಬಗ್ಗೆ ಯೋಚಿಸಿ. ಕಂದು ಬಣ್ಣ, ಆಡಂಬರವಿಲ್ಲ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಎರೆಹುಳು, ಗೊಂಡೆಹುಳು ತಿನ್ನುತ್ತದೆ. ಎರೆಹುಳು ಸಾಕುವುದು ಕಷ್ಟವಲ್ಲ. ಆದರೆ ಗೊಬ್ಬರದ ಗುಂಡಿಯ ಕೆಂಪು ಹುಳು ಬೇಡ. ಮುಟ್ಟಿದರೆ ಹಳದಿ ರಸ ಬಿಡುತ್ತದಲ್ಲ, ಆ ಹುಳು ಹಾವಿಗೆ ಒಗ್ಗುವುದಿಲ್ಲ. ಮಣ್ಣಿನ ಎರೆಹುಳುವೇ ಆಗಬೇಕು. ಅದೂ ಔಷಧಿ ಹೊಡೆಯದ ಜಾಗದ್ದು.

ಹುಡುಕುವಾಗ ಆಡುಮಾತಿನ ಹೆಸರು ನಂಬಬೇಡಿ, ವೈಜ್ಞಾನಿಕ ಹೆಸರು ಕೇಳಿ. ‘ಗ್ರೀನ್ ಸ್ನೇಕ್’ ಎಂದು ಹೇಳಿ ಬೇರೆ ಬೇರೆ ಜಾತಿಯ ಹಾವು ಮಾರುವವರಿದ್ದಾರೆ. ಸಾಕಿದ ಹಾವುಗಳಿಗೇ ಹುಟ್ಟಿದ ಮರಿಯೋ, ಕಾಡಿನಿಂದ ಹಿಡಿದು ತಂದ ಬಸುರಿ ಹಾವಿನ ಮರಿಯೋ ಎಂದೂ ಕೇಳಿ. ಎರಡನೆಯದನ್ನೂ ‘ಇಲ್ಲೇ ಹುಟ್ಟಿದ್ದು’ ಎಂದೇ ಹೇಳುತ್ತಾರೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾವ ದಿನ ಏನು ತಿಂದಿತು ಎಂಬ ಪಟ್ಟಿ ಕೇಳಿ. ಆದರೆ ನಿಮ್ಮ ಕಣ್ಣೆದುರೇ ಒಮ್ಮೆ ತಿನ್ನಲಿ. ಅದಕ್ಕೆ ಒಪ್ಪದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ. ಒಳ್ಳೆಯ ಸಾಕಣೆದಾರರು ಸಿಕ್ಕರೆ ಹೆಸರು ಬರೆಸಿ ಕಾಯಿರಿ. ನನ್ನ ಮ್ಯಾಂಡರಿನ್ ರ‍್ಯಾಟ್ ಸ್ನೇಕ್‌ಗೆ ಎರಡು ವರ್ಷ ಕಾದೆ. ಹಿಂದೆ ಆ ಜಾತಿಯ ಹಾವನ್ನು ಕಾಡಿನಿಂದ ಹಿಡಿದೇ ತರುತ್ತಿದ್ದರು. ಹೊಟ್ಟೆ ತುಂಬ ಪರೋಪಜೀವಿ, ಬಹಳಷ್ಟು ಸಾಯುತ್ತಿದ್ದವು. ಅದರದೇ ಮೊಟ್ಟೆ ಒಡೆಸಿ ಬೆಳೆಸಿದ ಮರಿಗಳು ಹಾಗಲ್ಲ. ಇಲಿಮರಿ ತಿಂದು ಗಟ್ಟಿಯಾಗಿ ಬೆಳೆಯುತ್ತವೆ. ತಂಪು ಮಾತ್ರ ಬೇಕು. ಇತರ ಹಾವುಗಳಿಗೆ ಕೊಡುವ 30 ಡಿಗ್ರಿ ಬಿಸಿ ಕೊಟ್ಟರೆ ಸೊರಗುತ್ತವೆ.

ಪುಟ್ಟ ಹಾವಿಗೆ ಪೆಟ್ಟಿಗೆಯೂ ಬೇರೆ ಥರ. ತಲೆ ತೂರುವಷ್ಟು ಸಂದು ಇದ್ದರೆ ಮೈಯೂ ತೂರುತ್ತದೆ. ವೈರು ಹೋಗುವ ತೂತನ್ನೂ ಮುಚ್ಚಿ. ಸಣ್ಣ ಮೈ ಬೇಗ ಒಣಗುತ್ತದೆ. ನಾಲ್ಕು ಬೆರಳು ಆಳ ಮಣ್ಣು ಹಾಕಿ, ಒಂದು ಪಕ್ಕ ಮಾತ್ರ ತೇವವಾಗಿಡಿ. ಎಲ್ಲಿರಬೇಕು ಅನ್ನುವುದು ಅದಕ್ಕೇ ಗೊತ್ತಾಗುತ್ತದೆ. ಸುಮ್ನೆ ಸುಮ್ನೆ ಅಗೆದು ನೋಡಬೇಡಿ. ಇವು ಕೈಯಲ್ಲಿ ಆಡಿಸುವ ಹಾವುಗಳಲ್ಲ. ವಾರಗಟ್ಟಲೆ ಕಣ್ಣಿಗೇ ಬೀಳದಿರಬಹುದು. ಅದಕ್ಕೆ ನೀವು ತಯಾರಿದ್ದರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ತೋಟದಲ್ಲಿ ಗೇಣುದ್ದದ ಹಾವಿನ ಮರಿ ಸಿಕ್ಕಿದೆ. ಡಬ್ಬಿಯಲ್ಲಿ ಇಟ್ಟಿದ್ದೇನೆ. ಸಾಕಬಹುದೇ?

ಉತ್ತರ: ಬೇಡ. ಇವತ್ತೇ, ಸಿಕ್ಕಿದ ಜಾಗದಲ್ಲೇ ಬಿಟ್ಟುಬನ್ನಿ. ಕೈಯಿಂದ ಹಿಡಿಯಬೇಡಿ, ಡಬ್ಬಿಯನ್ನು ವಾಲಿಸಿದರೆ ಸಾಕು. ಯಾವ ಹಾವೆಂದು ನೀವು ಬರೆದಿಲ್ಲ, ವಿಷದ ಹಾವಿನ ಮರಿಯೂ ಇರಬಹುದು. ಸ್ಥಳೀಯ ಹಾವನ್ನು ಹಿಡಿದು ಸಾಕುವುದು ಎಷ್ಟೋ ದೇಶಗಳಲ್ಲಿ ಅಪರಾಧ. ಭಾರತದಲ್ಲೂ ಅಷ್ಟೇ.

ಪ್ರಶ್ನೆ: ಮನೆಯಲ್ಲಿ ಇಲಿ ಕೊಡಲು ಯಾರಿಗೂ ಮನಸ್ಸಿಲ್ಲ. ಮೊಟ್ಟೆ ಮಾತ್ರ ತಿನ್ನುವ ಹಾವು ಇದೆಯಂತೆ, ನಿಜವೇ?

ಉತ್ತರ: ನಿಜ. ಆಫ್ರಿಕಾದ ಡಾಸಿಪೆಲ್ಟಿಸ್. ಬಾಯಲ್ಲಿ ಹಲ್ಲು ಇಲ್ಲವೆಂದೇ ಹೇಳಬಹುದು. ತಲೆಗಿಂತ ದೊಡ್ಡ ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ. ಗಂಟಲ ಹಿಂದೆ ಬೆನ್ನುಮೂಳೆಯಿಂದ ಇಳಿದ ಚೂಪು ಮೂಳೆಗಳು ಚಿಪ್ಪನ್ನು ಒಡೆಯುತ್ತವೆ. ಒಳಗಿನದು ಹೊಟ್ಟೆಗೆ ಇಳಿಯುತ್ತದೆ, ಚಪ್ಪಟೆಯಾದ ಚಿಪ್ಪು ಬಾಯಿಂದ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಆದರೆ ಇದರ ಮರಿಗೆ ಫಿಂಚ್ ಹಕ್ಕಿಯ ಮೊಟ್ಟೆಯಷ್ಟು ಚಿಕ್ಕದು ಬೇಕು. ಅದಕ್ಕಾಗಿಯೇ ನಾನು ಫಿಂಚ್ ಸಾಕಿದೆ. ಹಾವಿಗಿಂತ ಹಕ್ಕಿಗಳ ಕೆಲಸವೇ ಜಾಸ್ತಿ ಆಯಿತು. ಲಾವುಗೆ ಮೊಟ್ಟೆ ನುಂಗುವಷ್ಟು ಬೆಳೆದದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಮೊಟ್ಟೆ ತಾಜಾ ಇರಬೇಕು. ಫ್ರಿಜ್ಜಿನಲ್ಲಿ ಬಹಳ ದಿನ ಇದ್ದದ್ದನ್ನು ನನ್ನ ಹಾವು ಮೂಸಿ ಬಿಟ್ಟುಬಿಡುತ್ತಿತ್ತು. ತಿಂಗಳುಗಟ್ಟಲೆ ಉಪವಾಸ ಮಾಡುವುದೂ ಇದೆ. ತೂಕ ಇಳಿಯದಿದ್ದರೆ ಗಾಬರಿ ಬೇಡ. ಅಡುಗೆಮನೆಯ ತಕ್ಕಡಿ ಬೇಡ, ಇದಕ್ಕೇ ಗ್ರಾಂ ತೋರಿಸುವ ಬೇರೆ ತಕ್ಕಡಿ ಇಟ್ಟುಕೊಳ್ಳಿ.

ಪ್ರಶ್ನೆ: ಕೊಲುಬ್ರಿಡ್ ಅಂದರೆ ಕೇರೆ ಹಾವಿನ ಕುಟುಂಬ ತಾನೇ? ಹಾಗಾದರೆ ಯಾವುದಕ್ಕೂ ವಿಷ ಇರುವುದಿಲ್ಲ ಅಲ್ವಾ?

ಉತ್ತರ: ಕೇರೆಯ ಕುಟುಂಬವೇ. ಆದರೆ ಆ ಕುಟುಂಬ ತುಂಬ ದೊಡ್ಡದು. ಅದರಲ್ಲಿ ಬಾಯಿಯ ಹಿಂಭಾಗದಲ್ಲಿ ವಿಷದ ಹಲ್ಲು ಇರುವವೂ ಇವೆ. ಹೆಚ್ಚಿನವುಗಳ ವಿಷದಿಂದ ಮನುಷ್ಯರ ಜೀವಕ್ಕೆ ಅಪಾಯವಿಲ್ಲ. ಕೆಲವು ಕೊಲ್ಲುತ್ತವೆ. ಅಮೆರಿಕದ ಹಾವು ತಜ್ಞ ಕಾರ್ಲ್ ಪಿ. ಷ್ಮಿಟ್ 1957ರಲ್ಲಿ ಬೂಮ್‌ಸ್ಲ್ಯಾಂಗ್ ಎಂಬ ಇಂಥದೇ ಆಫ್ರಿಕಾದ ಹಾವಿನ ಮರಿ ಕಚ್ಚಿ ಮರುದಿನ ತೀರಿಕೊಂಡರು. ತಮಗೆ ಏನಾಗುತ್ತಿದೆ ಎಂದು ಅವರೇ ಬರೆದಿಟ್ಟಿದ್ದರು. ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ 1975ರಲ್ಲಿ ತೀರಿಕೊಂಡದ್ದು ತಾವೇ ಸಾಕಿದ್ದ ಟ್ವಿಗ್ ಸ್ನೇಕ್ ಎಂಬ ಆಫ್ರಿಕಾದ ಇನ್ನೊಂದು ಹಾವು ಕಚ್ಚಿ. ಇಬ್ಬರೂ ಜೀವನವಿಡೀ ಹಾವು ನೋಡಿದವರು. ಹೆಚ್ಚು ಜನ ಸಾಕದ ಜಾತಿ ಎಂದರೆ ಅದರ ಕಡಿತದ ಅನುಭವವೂ ಹೆಚ್ಚು ಜನಕ್ಕೆ ಇಲ್ಲ ಎಂದರ್ಥ. ಜಾತಿ ಖಚಿತವಾಗದ ಹಾವನ್ನು ಮನೆಯೊಳಗೆ ತರಬೇಡಿ.

ಪ್ರಶ್ನೆ: ಹೊಸ ಹಾವನ್ನು ಹಳೆಯದರ ಪೆಟ್ಟಿಗೆಯಲ್ಲೇ ಬಿಡಬಹುದಾ?

ಉತ್ತರ: ಬೇಡವೇ ಬೇಡ. ಒಂದು ಇನ್ನೊಂದನ್ನು ತಿನ್ನಬಹುದು. ಮೂರು ತಿಂಗಳು ಬೇರೆ ಕೋಣೆಯಲ್ಲಿಡಿ. ಚಿಮಟ, ನೀರಿನ ಬಟ್ಟಲು ಎಲ್ಲ ಬೇರೆ. ಹಳೆಯ ಹಾವಿನ ಕೆಲಸ ಮೊದಲು ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ. ತಿಂದದ್ದನ್ನು ಕಕ್ಕುತ್ತಿದ್ದು, ಹೊಟ್ಟೆಯ ಮಧ್ಯೆ ಉಬ್ಬು ಕಂಡರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಇರಬಹುದು. ಅದಕ್ಕೆ ನೆಚ್ಚಬಹುದಾದ ಮದ್ದಿಲ್ಲ, ಮಾಮೂಲಿ ಫಿನಾಯಿಲಿಗೂ ಜಗ್ಗುವುದಿಲ್ಲ. ಮಲವನ್ನು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಒಂದು ಸಲ ಸಾಲದು, ಎರಡು ಮೂರು ಸಲ ಮಾಡಿಸಿ.